500 ಪ್ರಯೋಗಾಲಯಗಳಲ್ಲಿ ಪಶ್ಚಿಮ ತಾಲ್ಲೂಕುಗಳ ಪಾಲೆಷ್ಟು?

ಕೂಡ್ಲಿಗಿ: 2026ರ ಫೆಬ್ರುವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್ಟಿನಲ್ಲಿ ಒಂದು ಸಣ್ಣ ಘೋಷಣೆಯಿತ್ತು. ದೇಶದ 15 ಸಾವಿರ ಪ್ರೌಢಶಾಲೆಗಳು ಹಾಗೂ 500 ಕಾಲೇಜುಗಳಲ್ಲಿ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ಸಂಬಂಧಿಸಿದ 'ಕಂಟೆಂಟ್ ಕ್ರಿಯೇಟರ್ ಲ್ಯಾಬ್'ಗಳನ್ನು ಸ್ಥಾಪಿಸಲಾಗುವುದು. ಮುಂಬೈನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಯೇಟಿವ್ ಟೆಕ್ನಾಲಜೀಸ್ ಸಂಸ್ಥೆ ಇದರ ಹೊಣೆ ಹೊರಲಿದೆ ಎಂಬುದು ಅದರ ಸಾರ. 2030ರ ವೇಳೆಗೆ ಈ ಕ್ಷೇತ್ರಕ್ಕೆ 20 ಲಕ್ಷ ವೃತ್ತಿಪರರು ಬೇಕಾಗುತ್ತಾರೆ ಎಂಬ ಅಂದಾಜನ್ನೂ ಹಣಕಾಸು ಸಚಿವರು ಸದನದ ಮುಂದಿಟ್ಟರು. ತೆರಿಗೆ, ರೈಲು, ಚಿನ್ನದ ಸುದ್ದಿಗಳ ನಡುವೆ ಈ ಸಾಲುಗಳು ಹೆಚ್ಚು ಚರ್ಚೆಗೆ ಒಳಗಾಗಲಿಲ್ಲ.

ಸರಳ ಲೆಕ್ಕವೊಂದನ್ನು ಮಾಡಿ ನೋಡೋಣ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿರುವ ಕಾಲೇಜುಗಳು 45 ಸಾವಿರಕ್ಕೂ ಅಧಿಕ. ಅಂದರೆ ನೂರು ಕಾಲೇಜುಗಳಲ್ಲಿ ಒಂದಕ್ಕೆ ಮಾತ್ರ ಪ್ರಯೋಗಾಲಯದ ಭಾಗ್ಯ. ದೇಶದ ಕಾಲೇಜುಗಳಲ್ಲಿ ಹತ್ತನೇ ಒಂದು ಪಾಲು ಕರ್ನಾಟಕದಲ್ಲಿವೆ. ಸಂಖ್ಯೆಗೆ ಅನುಗುಣವಾಗಿ ಹಂಚಿದರೂ ರಾಜ್ಯಕ್ಕೆ ಐವತ್ತರಷ್ಟು ದೊರೆಯಬಹುದು. 31 ಜಿಲ್ಲೆಗಳಿಗೆ ಭಾಗಿಸಿದರೆ ತಲಾ ಒಂದೂವರೆ. ವಿಜಯನಗರ ಜಿಲ್ಲೆಗೆ ಒಂದು ಬಂದಿತೆಂದುಕೊಂಡರೆ ಅದು ಯಾವ ಊರಿಗೆ ಹೋಗುತ್ತದೆ ಎಂಬುದನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಜಿಲ್ಲಾ ಕೇಂದ್ರ ಹೊಸಪೇಟೆ ಇದೆ, ಪಕ್ಕದಲ್ಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಉಳಿದ ಐದು ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಪಾಲಿಗೆ ಉಳಿಯುವುದು ಆ ಲೆಕ್ಕದ ಅರ್ಧ ಭಾಗ.

ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ 'ಪಶ್ಚಿಮ ತಾಲ್ಲೂಕುಗಳು' ಎಂದೇ ಗುರುತಿಸಲ್ಪಡುತ್ತಿದ್ದ ಈ ಸೀಮೆಗೆ ಹಂಚಿಕೆಯ ಕೊನೆಯಲ್ಲಿ ನಿಲ್ಲುವುದು ಹೊಸತೇನಲ್ಲ. 1997ರಲ್ಲಿ ಹರಪನಹಳ್ಳಿಯನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371 (ಜೆ) ವಿಧಿಯ ಸೌಲಭ್ಯ ದೊರೆತಾಗ, ಆ ಕಾರಣಕ್ಕಾಗಿಯೇ ಹರಪನಹಳ್ಳಿಯ ವಿದ್ಯಾರ್ಥಿಗಳು ಅದರಿಂದ ಹೊರಗುಳಿದರು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಒಂದು ತಲೆಮಾರಿನೊಳಗೆ ಮೂರು ಬಾರಿ ಜಿಲ್ಲೆ ಬದಲಾದರೆ ಶಾಲಾ ಕಾಲೇಜುಗಳ ಯೋಜನೆಗೆ ನಿರಂತರತೆ ಎಲ್ಲಿಂದ ಬರಬೇಕು?

ಕೆಲಸ ಇದೆ, ಕಲಿಕೆ?

ದೃಶ್ಯ-ಶ್ರವ್ಯ ತಯಾರಿಕೆ ಎಂದಾಕ್ಷಣ ಬೆಂಗಳೂರಿನ ಸ್ಟುಡಿಯೊ, ಸಿನಿಮಾ, ಧಾರಾವಾಹಿಗಳೇ ಕಣ್ಣ ಮುಂದೆ ಬರುವುದುಂಟು. ಆದರೆ ಈ ಉದ್ಯೋಗದ ಬಹುಪಾಲು ಇಂದು ತಾಲ್ಲೂಕು ಕೇಂದ್ರಗಳಲ್ಲಿ ನಡೆಯುತ್ತಿದೆ. 2016ರಲ್ಲಿ ಅಗ್ಗದ ಡೇಟಾ ಬಂದ ನಂತರ ಮೊಬೈಲ್ ಕೈಯಲ್ಲಿ ಹಿಡಿದವರೆಲ್ಲ ಛಾಯಾಗ್ರಾಹಕರಾದರು. ಮದುವೆ, ಗೃಹಪ್ರವೇಶ, ಜಾತ್ರೆ, ರಾಜಕೀಯ ಸಮಾವೇಶ, ಮಠದ ಕಾರ್ಯಕ್ರಮಗಳ ನೇರಪ್ರಸಾರ, ಊರಿನ ಸುದ್ದಿ ಹೇಳುವ ಯೂಟ್ಯೂಬ್ ವಾಹಿನಿ, ಕೃಷಿ ಮಾಹಿತಿ, ಕೋಚಿಂಗ್ ಕೇಂದ್ರದ ಪಾಠ - ಎಲ್ಲದಕ್ಕೂ ಚಿತ್ರೀಕರಿಸುವವರು, ಸಂಕಲನ ಮಾಡುವವರು ಬೇಕು. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರ ಸ್ವಾಮಿಯ ರಥ ಉರುಳಿದ ದೃಶ್ಯವನ್ನು ನಾಡು ಕಂಡದ್ದು ಭಕ್ತರ ಮೊಬೈಲ್‌ಗಳ ಮೂಲಕ ಎಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು.

ಈ ಕೆಲಸವನ್ನು ಕಲಿಯುವ ಬಗೆ ಮಾತ್ರ ಹಳೆಯದು. ಹುಡುಗನೊಬ್ಬ ಸ್ಟುಡಿಯೊ ಸೇರಿ ಮದುವೆ ಮನೆಗಳಲ್ಲಿ ಲೈಟ್ ಹಿಡಿಯುತ್ತಾನೆ, ಆಮೇಲೆ ಎರಡನೆಯ ಕ್ಯಾಮೆರಾ, ಮತ್ತೆಂದೋ ಸಂಕಲನದ ಕಂಪ್ಯೂಟರ್ ಮುಂದೆ ಕೂರುವ ಅವಕಾಶ. ಹೀಗೆ ಕಲಿತವರಲ್ಲಿ ನಿಪುಣರಿಲ್ಲವೆಂದಲ್ಲ. ಆದರೆ ಆ ದಾರಿಯಲ್ಲಿ 'ಹೇಗೆ' ಎಂಬುದು ಸಿಗುತ್ತದೆ, 'ಏಕೆ' ಎಂಬುದು ಸಿಗುವುದಿಲ್ಲ. ಹೊಸ ಉಪಕರಣ ಬಂದೊಡನೆ ಮತ್ತೆ ಮೊದಲಿನಿಂದ ಶುರು. ಇನ್ನೂ ಮುಖ್ಯವಾದ ಮಾತೆಂದರೆ, ರಾತ್ರಿ ಎರಡು ಗಂಟೆಯವರೆಗೆ ನಡೆಯುವ ಆರತಕ್ಷತೆಯಲ್ಲಿ ಲೈಟ್ ಹಿಡಿಯಲು ಮನೆಯವರು ಮಗನನ್ನು ಕಳಿಸಿಯಾರು, ಮಗಳನ್ನು ಕಳಿಸಲಾರರು. ಕಾಲೇಜಿನ ಹಗಲಿನ ತರಗತಿಯೊಂದೇ ಇಲ್ಲಿನ ಯುವತಿಯರಿಗೆ ಈ ವಿದ್ಯೆಯ ಬಾಗಿಲು. ಈ ಅಂಶ ಯಾವ ಯೋಜನಾ ವರದಿಯಲ್ಲೂ ಪ್ರಮುಖವಾಗಿ ಕಾಣಬೇಕಾದದ್ದು.

ಮೈಲಾರದ ಮೌನ

ಚಿತ್ರ ಸುಮಾರಾಗಿದ್ದರೂ ಜನ ನೋಡುತ್ತಾರೆ, ಧ್ವನಿ ಕೆಟ್ಟರೆ ಎದ್ದು ಹೋಗುತ್ತಾರೆ ಎಂಬುದು ಈ ವೃತ್ತಿಯ ಅನುಭವದ ಮಾತು. ಸ್ವಯಂ ಕಲಿತವರು ಅತಿ ಹೆಚ್ಚು ಎಡವುವುದೂ ಧ್ವನಿಯಲ್ಲೇ. ಇದಕ್ಕೆ ಹಡಗಲಿ ತಾಲ್ಲೂಕಿನ ಮೈಲಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಲಕ್ಷಾಂತರ ಜನ ಸೇರಿದ ಬಯಲಿನ ನಡುವೆ ಗೊರವಯ್ಯ ಬಿಲ್ಲನ್ನೇರುತ್ತಾನೆ. 'ಸದ್ದಲೇ' ಎಂಬ ಕೂಗು. ಆ ಜನಸಾಗರ ಒಮ್ಮೆಲೇ ಮೌನವಾಗುತ್ತದೆ. ಒಂದೇ ಒಂದು ವಾಕ್ಯ ಕಾರಣಿಕವಾಗಿ ಹೊರಬೀಳುತ್ತದೆ, ಗೊರವಯ್ಯ ಕೆಳಗೆ ಬೀಳುತ್ತಾನೆ, ಮರುಕ್ಷಣವೇ ಗದ್ದಲ. ಆ ಒಂದು ವಾಕ್ಯದಲ್ಲಿ ಮಳೆ ಬೆಳೆ ರಾಜಕೀಯಗಳ ಭವಿಷ್ಯವನ್ನು ನಾಡು ಹುಡುಕುತ್ತದೆ. ಅರ್ಥದ ಬಗ್ಗೆ ಮಾತ್ರವಲ್ಲ, ಕೆಲವೊಮ್ಮೆ ಕೇಳಿಸಿದ ಪದದ ಬಗ್ಗೆಯೂ ವಾದಗಳಾಗುತ್ತವೆ. ಸುತ್ತ ಸಾವಿರಾರು ಮೊಬೈಲ್‌ಗಳು ಚಾಲೂ ಇರುವಾಗ ಪದದ ಬಗ್ಗೆ ಅನುಮಾನ ಏಕೆ?

ಉತ್ತರ ಸರಳ ಭೌತಶಾಸ್ತ್ರದಲ್ಲಿದೆ. ಮೊಬೈಲ್ ತನ್ನ ಮೈಕಿನ ಮಟ್ಟವನ್ನು ತಾನೇ ಏರಿಳಿಸಿಕೊಳ್ಳುತ್ತದೆ. ಗದ್ದಲವಿದ್ದಾಗ ಮಟ್ಟವನ್ನು ತಗ್ಗಿಸುತ್ತದೆ. ಮೌನವಾದಾಗ 'ಏನೂ ಕೇಳಿಸುತ್ತಿಲ್ಲ' ಎಂದು ಭಾವಿಸಿ ಮಟ್ಟವನ್ನು ಎತ್ತರಿಸುತ್ತದೆ. ಆಗ ಗಾಳಿ, ಬಟ್ಟೆಯ ಸರಪರ, ಪಕ್ಕದವನ ಉಸಿರು ಎಲ್ಲ ದೊಡ್ಡದಾಗುತ್ತವೆ. ಆ ಹೊತ್ತಿಗೆ ಜೋರಾಗಿ ಬಂದ ಮೊದಲ ಅಕ್ಷರ ಒಡೆದು ಹೋಗುತ್ತದೆ. ಉಪಕರಣ ಚೇತರಿಸಿಕೊಳ್ಳುವಷ್ಟರಲ್ಲಿ ವಾಕ್ಯವೇ ಮುಗಿದಿರುತ್ತದೆ. ಮೂಲದಿಂದ ದೂರ ಎರಡರಷ್ಟಾದಂತೆಲ್ಲ ಧ್ವನಿ ಸುಮಾರು 6 ಡೆಸಿಬಲ್ ಕುಗ್ಗುತ್ತದೆ ಎಂಬ ಇನ್ನೊಂದು ನಿಯಮವೂ ಇಲ್ಲಿ ಸೇರಿಕೊಳ್ಳುತ್ತದೆ. ತರಬೇತಿ ಪಡೆದ ವಿದ್ಯಾರ್ಥಿ ಏನು ಮಾಡುತ್ತಾನೆ? ಸ್ವಯಂಚಾಲಿತ ಮಟ್ಟವನ್ನು ನಿಲ್ಲಿಸುತ್ತಾನೆ, ಗಾಳಿತಡೆ ತೊಡಿಸಿದ ಮೈಕನ್ನು ಆದಷ್ಟೂ ಸಮೀಪ ಇರಿಸುತ್ತಾನೆ, ಅದೇ ಧ್ವನಿಯನ್ನು ಎರಡು ಮಟ್ಟಗಳಲ್ಲಿ ಮುದ್ರಿಸಿಕೊಳ್ಳುತ್ತಾನೆ. ಒಂದು ಒಡೆದರೂ ಇನ್ನೊಂದು ಉಳಿಯುತ್ತದೆ. ಇದಕ್ಕೆ ಬೇಕಾದ ರೆಕಾರ್ಡರ್ ಒಂದು ಸಾಧಾರಣ ಸ್ಮಾರ್ಟ್‌ಫೋನಿಗಿಂತ ದುಬಾರಿಯಲ್ಲ. ಕೊರತೆ ಇರುವುದು ತಿಳಿವಳಿಕೆಗೆ.

ಇಂಥ ಪಾಠಗಳು ಇನ್ನೂ ಹಲವಿವೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಹಳೆಯ ಮಾದರಿಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಬಾರಿ ಮಿಡಿಯುತ್ತದೆ. ಸೆಕೆಂಡಿಗೆ 30 ಫ್ರೇಮ್ ಹಿಡಿಯುವ ಮೊಬೈಲಿನಲ್ಲಿ ಕಲ್ಯಾಣ ಮಂಟಪದ ಚಿತ್ರದ ಮೇಲೆ ಪಟ್ಟೆ ಪಟ್ಟೆ ತೆವಳುವುದು ಅದರಿಂದ. 25 ಫ್ರೇಮ್, ಸೆಕೆಂಡಿನ ಐವತ್ತನೇ ಒಂದು ಭಾಗದ ಷಟರ್ ಇಟ್ಟರೆ ಪಟ್ಟೆ ಮಾಯ. ಹಾಗೆಯೇ, ಬೇರೆ ರೆಕಾರ್ಡರ್‌ನಲ್ಲಿ ಹಿಡಿದ ಹಾಡು ಅರ್ಧ ಗಂಟೆಯ ನಂತರ ಗಾಯಕರ ತುಟಿಯಿಂದ ಸರಿದು ಹೋಗುವುದುಂಟು. ಎರಡು ಉಪಕರಣಗಳ ಗಡಿಯಾರಗಳು ಕೂದಲೆಳೆಯಷ್ಟು ಬೇರೆಯಾಗಿರುವುದು ಮತ್ತು ಮೊಬೈಲ್ ಒಂದೇ ಸಮನೆ ಫ್ರೇಮ್ ಹಿಡಿಯದಿರುವುದು ಇದಕ್ಕೆ ಕಾರಣ. ಇವನ್ನು ಅರಿಯದೆ ಹೊಸ ಕ್ಯಾಮೆರಾಕ್ಕೆ ಸಾಲ ಮಾಡುವವರು ಕಡಿಮೆಯೇನಿಲ್ಲ.

ಕನ್ನಡದ ಸಮಸ್ಯೆಯೊಂದು ಪ್ರತ್ಯೇಕವಾಗಿದೆ. ಸಂಕಲನ ತಂತ್ರಾಂಶಗಳ ಹಿಂದಿನ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಬರೆದರೆ ಒತ್ತಕ್ಷರ ಬೇರೆ, ಮೂಲಾಕ್ಷರ ಬೇರೆಯಾಗಿ ಚೆಲ್ಲಾಪಿಲ್ಲಿಯಾಗುತ್ತಿತ್ತು. ಅದಕ್ಕಾಗಿ ನುಡಿ, ಬರಹಗಳ ಹಳೆಯ ಸಂಕೇತದ ಫಾಂಟುಗಳಲ್ಲಿ ಶೀರ್ಷಿಕೆ ಬರೆಯುವ ಅಭ್ಯಾಸ ಬೆಳೆಯಿತು. ಈಗಿನ ಆವೃತ್ತಿಗಳು ಕನ್ನಡವನ್ನು ಸರಿಯಾಗಿ ತೋರಿಸಬಲ್ಲವು. ಆದರೆ ಅಭ್ಯಾಸ ಹೋಗಿಲ್ಲ. ಹಾಗೆ ಬರೆದ ಅಕ್ಷರಗಳನ್ನು ಹುಡುಕಲು ಬರುವುದಿಲ್ಲ, ಅಡಿಬರಹವಾಗಿ ಬಳಸಲು ಬರುವುದಿಲ್ಲ. ಮತ್ತೊಂದು ಕಡೆ, ಕಳ್ಳ ಪ್ರತಿಯ ತಂತ್ರಾಂಶದ ಮೇಲೆಯೇ ನಿಂತಿರುವ ಸ್ಟುಡಿಯೊಗಳಿಗೆ ಆಡಾಸಿಟಿ, ಕೆಡೆನ್‌ಲೈವ್, ಷಾಟ್‌ಕಟ್‌ಗಳಂಥ ಮುಕ್ತ ತಂತ್ರಾಂಶಗಳಿವೆ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಿದೆ ಎಂದು ತಿಳಿಸುವ ಕೆಲಸವೂ ಕಾಲೇಜಿನದೇ.

ಕರ್ನಾಟಕಕ್ಕೆ ಹೊಸ ವಿದ್ಯೆಯೇ?

ಚಲನಚಿತ್ರ ತಂತ್ರಜ್ಞಾನವನ್ನು ಸರ್ಕಾರಿ ತರಗತಿಯಲ್ಲಿ ಕಲಿಸುವ ವಿಷಯದಲ್ಲಿ ಈ ರಾಜ್ಯ ದೇಶಕ್ಕೇ ಮುಂಚೂಣಿಯಲ್ಲಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾದದ್ದು 1960ರಲ್ಲಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣದ ಡಿಪ್ಲೊಮಾ 1940ರ ದಶಕದಲ್ಲೇ ಇತ್ತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತು ಹೊರಬಂದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಬೆಳಕು ಅವರದು, 2008ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಸಂದಿತು. ಗೋವಿಂದ ನಿಹಲಾನಿ ಸಹ ಅದೇ ಸಂಸ್ಥೆಯ ವಿದ್ಯಾರ್ಥಿ. ಆ ಪರಂಪರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿ ಮುಂದುವರಿಯಿತು. ಎಂಟು ದಶಕಗಳ ಅನುಭವವಿದ್ದೂ ಅದರ ಶಾಖೆಯೊಂದು ತುಂಗಭದ್ರೆಯ ಈಚೆಗೆ ಬರಲಿಲ್ಲ. 371 (ಜೆ) ಅನ್ವಯ ಪ್ರದೇಶದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ ಶೇ 8ರಷ್ಟು ಸೀಟುಗಳ ಮೀಸಲಾತಿ ಇದೆ ಎಂಬುದು ನಿಜ. ಆದರೆ ಇಂಥ ಓದೊಂದು ಇದೆಯೆಂದೇ ತಿಳಿಯದ ಪಿಯುಸಿ ವಿದ್ಯಾರ್ಥಿಗೆ ಆ ಮೀಸಲಾತಿ ಕಾಗದದ ಮೇಲಿನದು.

ಕಥೆಗಳಿಗೇನೂ ಈ ನೆಲದಲ್ಲಿ ಬರವಿಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರ ಕಥೆಗಳಿಂದ ನಾಗತಿಹಳ್ಳಿ ಚಂದ್ರಶೇಖರ ಅವರ 'ಕೊಟ್ರೇಶಿ ಕನಸು', ಗಿರೀಶ ಕಾಸರವಳ್ಳಿಯವರ 'ಕೂರ್ಮಾವತಾರ' ಹುಟ್ಟಿ ರಾಷ್ಟ್ರಪ್ರಶಸ್ತಿ ಪಡೆದವು. ಎಂ.ಪಿ. ಪ್ರಕಾಶ್ ಅವರ ರಂಗಭಾರತಿಯಿಂದಾಗಿ ಹಡಗಲಿಗೆ ರಂಗಭೂಮಿಯ ನಂಟು ದಶಕಗಳದು. ಹರಪನಹಳ್ಳಿ ಬೀಚಿಯವರ ಹುಟ್ಟೂರು. ಹೀಗಿದ್ದೂ ಕಥೆ ಇಲ್ಲಿಂದ ಹೋಗುತ್ತದೆ, ಕ್ಯಾಮೆರಾ ಅಲ್ಲಿಂದ ಬರುತ್ತದೆ ಎಂಬ ಸ್ಥಿತಿ ಬದಲಾಗಿಲ್ಲ.

ದಾಖಲಾತಿಯ ಪ್ರಶ್ನೆಯಂತೂ ಇನ್ನೂ ತುರ್ತಿನದು. ನೆರೆಯ ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ 2014ರಲ್ಲಿ ತೀರಿಕೊಂಡರು. ಅಕ್ಷರ ಬಾರದ ಆ ತಾಯಿಯ ಕಂಠದಲ್ಲಿದ್ದ ಕಾವ್ಯಗಳಲ್ಲಿ ಕೆಲವು ಪುಸ್ತಕರೂಪ ಪಡೆದಿವೆ. ಪುಸ್ತಕದಲ್ಲಿ ಪದವಿರುತ್ತದೆ, ಧಾಟಿ ಇರುವುದಿಲ್ಲ. ಕೂಡ್ಲಿಗಿ ಸೀಮೆಯ ಮ್ಯಾಸಬೇಡರ ಕಥನಗಳು, ಊರೂರಿನ ಬಯಲಾಟಗಳು, ಜೋಗತಿಯರ ಪದಗಳು ಇಂದಿಗೂ ಹಾಡುವವರ ವಯಸ್ಸಿನ ಮೇಲೆ ನಿಂತಿವೆ. ರಾತ್ರಿಯಿಡೀ ನಡೆಯುವ ಎಂಟು ಗಂಟೆಯ ಬಯಲಾಟವೊಂದನ್ನು ಎರಡು ಕ್ಯಾಮೆರಾಗಳಲ್ಲಿ ಸಾಧಾರಣ ಎಚ್‌ಡಿ ಗುಣಮಟ್ಟದಲ್ಲಿ ಹಿಡಿದರೆ ಸುಮಾರು 120 ಜಿಬಿ ಜಾಗ ಬೇಕು, ಎರಡು ಪ್ರತಿ ಇಟ್ಟರೆ 240. ಒಂದು ಕಾಲೇಜು ವರ್ಷಕ್ಕೆ ಹತ್ತು ಆಟ ದಾಖಲಿಸಿದರೂ ಮೂರು ಟಿಬಿಯೊಳಗೆ ಮುಗಿಯುವ ಮಾತಿದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮಕ್ಕೆ 2024ರಲ್ಲಿ ರಾಮ್ಸರ್ ಮಾನ್ಯತೆ ದೊರೆಯಿತು. ಅಲ್ಲಿನ ಹಕ್ಕಿಗಳ ಕೂಗನ್ನು ಋತುವಾರು ಮುದ್ರಿಸಿಡುವುದು ವಿಜ್ಞಾನ ಪದವಿಯ ವಿದ್ಯಾರ್ಥಿಗಳಿಗೂ ಒಳ್ಳೆಯ ಯೋಜನಾ ಕಾರ್ಯವಾದೀತು.

ಪಠ್ಯ ಬದಲಾಗುತ್ತದೆ, ಮೇಷ್ಟ್ರು ಬದಲಾಗುತ್ತಾರೆ

ರಾಜ್ಯದಲ್ಲಿ ಪತ್ರಿಕೋದ್ಯಮದ ಬೋಧನೆ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆರಂಭವಾಯಿತು. ಇಂದು ಅನೇಕ ಪದವಿ ಕಾಲೇಜುಗಳಲ್ಲಿ ಅದು ಐಚ್ಛಿಕ ವಿಷಯ. ಆದರೆ ಬಹುತೇಕ ಕಡೆ ಅದು ಹಲಗೆಯ ಮೇಲಿನ ವಿಷಯವಾಗಿಯೇ ಉಳಿದಿದೆ. ಕ್ಯಾಮೆರಾದ ಭಾಗಗಳ ಹೆಸರನ್ನು ಬರೆದು ಅಂಕ ಪಡೆಯಬಹುದು, ಕ್ಯಾಮೆರಾ ಮುಟ್ಟಬೇಕೆಂದಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ನಾಲ್ಕು ವರ್ಷಗಳ ಪದವಿ ಬಂದಾಗ ಕೌಶಲ ಪತ್ರಿಕೆಗಳಿಗೆ ಮಹತ್ವ ದೊರೆಯಿತು, 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪತ್ರಿಕೆ ಸೇರಿತು. 2024-25ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಯಾವ ನೀತಿ ಸರಿ ಎಂಬ ಚರ್ಚೆ ಬೇರೆ. ಮೂರೇ ವರ್ಷಗಳಲ್ಲಿ ಪಠ್ಯ ಎರಡು ಬಾರಿ ತಿರುವು ಪಡೆದರೆ ಪ್ರಯೋಗಾಲಯಕ್ಕೆ ಹಣ ಹೂಡುವ ಧೈರ್ಯ ಯಾವ ಪ್ರಾಂಶುಪಾಲರಿಗೆ ಬಂದೀತು?

ಎರಡನೆಯ ತೊಡಕು ಬೋಧಕರದು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ಪ್ರತಿ ವರ್ಷ ನೇಮಕಾತಿ, ಪ್ರತಿ ವರ್ಷ ಅನಿಶ್ಚಿತತೆ. ಮೈಕು, ಲೆನ್ಸ್, ಬ್ಯಾಟರಿಗಳನ್ನು ಕಾಯುವ, ಕೆಟ್ಟಾಗ ರಿಪೇರಿ ಮಾಡಿಸುವ ಹೊಣೆಯನ್ನು ಹತ್ತು ತಿಂಗಳ ಬೋಧಕರು ಹೇಗೆ ಹೊತ್ತಾರು? ಕಳೆದರೆ ಯಾರ ತಲೆಗೆ ಎಂಬ ಭಯದಿಂದ ಉಪಕರಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ನಮ್ಮ ಕಚೇರಿಗಳ ಹಳೆಯ ಜಾಣತನ. ಕಂಪ್ಯೂಟರ್ ಕೊಠಡಿಗಳಿಗೆ ಆದದ್ದು ಇವಕ್ಕೂ ಆಗುವುದಿಲ್ಲವೆಂದು ಹೇಳಲು ಆಧಾರವಿಲ್ಲ.

ಹಣದ ಕೊರತೆಯ ಮಾತನ್ನು ಮಾತ್ರ ಈ ಜಿಲ್ಲೆಯಲ್ಲಿ ಸುಲಭವಾಗಿ ಒಪ್ಪಲಾಗದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ 5 ಸಾವಿರ ಕೋಟಿ ರೂಪಾಯಿ ಪ್ರಕಟವಾಯಿತು. ಗಣಿ ಆದಾಯದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ. ಶಿಕ್ಷಣ, ಕೌಶಲಾಭಿವೃದ್ಧಿ ಎರಡೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆ 2012ರಲ್ಲೇ ನೀತಿ ರೂಪಿಸಿತು, 2024ರಲ್ಲಿ ಅದರ ಮೂರನೆಯ ಆವೃತ್ತಿಯೂ ಬಂದಿದೆ. ವಿಪರ್ಯಾಸವೆಂದರೆ ಇಂಥ ನಿಧಿಗಳು ಕೊಠಡಿ, ಕಾಂಪೌಂಡು, ಸಿಸಿ ರಸ್ತೆಗಳಾಗುವಷ್ಟು ಸುಲಭವಾಗಿ ಬೋಧಕರ ಸಂಬಳವಾಗುವುದಿಲ್ಲ.

ಕಡಿಮೆ ಹಣದಲ್ಲಿ ಆದದ್ದಕ್ಕೆ ನಿದರ್ಶನಗಳಿವೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಯುನೆಸ್ಕೊ ನೆರವಿನೊಂದಿಗೆ ಆರಂಭವಾದ 'ನಮ್ಮ ಧ್ವನಿ'ಗೆ ಪ್ರಸಾರದ ಪರವಾನಗಿಯೇ ಇರಲಿಲ್ಲ. ಸ್ವಸಹಾಯ ಸಂಘದ ಮಹಿಳೆಯರು ಮುದ್ರಿಸಿದ ಕಾರ್ಯಕ್ರಮಗಳು ಕೇಬಲ್ ತಂತಿಯ ಮೂಲಕ ಮನೆ ತಲುಪಿದವು. 2006ರಲ್ಲಿ ಸಮುದಾಯ ಬಾನುಲಿ ನೀತಿ ವಿಸ್ತಾರಗೊಂಡ ಮರುವರ್ಷವೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರ ಶುರುವಾಯಿತು. ಕಲಬುರಗಿಯ ಶರಣಬಸವೇಶ್ವರ ಸಂಸ್ಥೆಯ 'ಅಂತರ್ವಾಣಿ' ಕಲ್ಯಾಣ ಕರ್ನಾಟಕದಲ್ಲೇ ಇರುವ ಕಾಲೇಜು ಬಾನುಲಿ. ಪಶ್ಚಿಮ ತಾಲ್ಲೂಕುಗಳ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳು ತಲಾ ಒಂದೊಂದು ಲ್ಯಾಬ್‌ಗೆ ಕಾಯುವ ಬದಲು ಒಟ್ಟಾಗಿ ಒಂದೇ ಪ್ರಸ್ತಾವ ಸಲ್ಲಿಸುವುದು ಹೆಚ್ಚು ವ್ಯಾವಹಾರಿಕ. ಹೊಸಪೇಟೆ-ಹರಿಹರ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟುತ್ತದೆ. ಐದರ ಮಧ್ಯದ ಕೊಟ್ಟೂರಿನಲ್ಲಿ ಧ್ವನಿಮುದ್ರಣ ಕೊಠಡಿ, ಉಳಿದೆಡೆ ಎರಡೆರಡು ಸಂಕಲನ ಕಂಪ್ಯೂಟರ್, ವಾರಕ್ಕೊಮ್ಮೆ ಸುತ್ತುವ ಒಂದು ಕ್ಯಾಮೆರಾ ಪೆಟ್ಟಿಗೆ. ಹೊಸಪೇಟೆ ಆಕಾಶವಾಣಿಯ ಅನುಭವಿಗಳೂ, ಊರಿನ ಸ್ಟುಡಿಯೊ ಮಾಲೀಕರೂ ತಿಂಗಳಿಗೆರಡು ಪಾಠ ಹೇಳಬಲ್ಲರು.

ಪಾಠದಲ್ಲಿ ಕಾನೂನೂ ಇರಬೇಕು. ಅಪ್ರಾಪ್ತ ಬಾಲಕಿಯ ಮುಖ, ಮಾಜಿ ದೇವದಾಸಿ ಮಹಿಳೆಯ ಹೆಸರು, ಅಪಘಾತದ ಶವ - ಇವನ್ನು ಹಾಕುವ ಮುನ್ನ ಒಪ್ಪಿಗೆಯ, ಪೋಕ್ಸೊದ, ಘನತೆಯ ಪ್ರಶ್ನೆ ಕೇಳಿಕೊಳ್ಳುವವರು ಊರಿನ ಯೂಟ್ಯೂಬ್ ಸುದ್ದಿಗಾರರಲ್ಲಿ ವಿರಳ. ದಂಡ ವಿಧಿಸಿ ಇದನ್ನು ತಿದ್ದುವುದಕ್ಕಿಂತ ಹತ್ತೊಂಬತ್ತರ ವಯಸ್ಸಿನಲ್ಲಿ ತರಗತಿಯಲ್ಲಿ ತಿದ್ದುವುದು ಅಗ್ಗ.

ಕೇಂದ್ರದ 500 ಕಾಲೇಜುಗಳನ್ನು ಯಾವ ಮಾನದಂಡದಿಂದ ಆರಿಸಲಾಗುತ್ತದೆ ಎಂಬುದೇ ಈಗ ನಿರ್ಣಾಯಕ. ನ್ಯಾಕ್ ಶ್ರೇಣಿ, ವಿದ್ಯಾರ್ಥಿ ಸಂಖ್ಯೆ, ಈಗಾಗಲೇ ಇರುವ ಸೌಕರ್ಯಗಳೇ ಅಳತೆಗೋಲಾದರೆ ಇರುವವರಿಗೇ ಇನ್ನಷ್ಟು ಸಿಗುತ್ತದೆ. 371 (ಜೆ) ಪ್ರದೇಶಕ್ಕೆ ಪ್ರತ್ಯೇಕ ಪಾಲನ್ನು ಕೇಳುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಪ್ರಸ್ತಾವವನ್ನು ಜಿಲ್ಲೆಯಿಂದಲೇ ಕಳಿಸಬೇಕಾದ ಹೊಣೆ ಐದು ತಾಲ್ಲೂಕುಗಳ ಶಾಸಕರು ಮತ್ತು ಕಾಲೇಜು ಆಡಳಿತ ಮಂಡಳಿಗಳದ್ದು. ಆ ಪ್ರಸ್ತಾವದ ಮೊದಲ ಪುಟದಲ್ಲಿ ಉಪಕರಣಗಳ ಪಟ್ಟಿಗಿಂತ ಮೇಲೆ ಎರಡು ಕಾಯಂ ಹುದ್ದೆಗಳ ಬೇಡಿಕೆ ಇರಬೇಕಾಗುತ್ತದೆ: ಒಬ್ಬ ಬೋಧಕ, ಒಬ್ಬ ತಾಂತ್ರಿಕ ಸಹಾಯಕ.